ಹುರಿ ಬಿಚ್ಚಿದ ತಂತಿ

ನನ್ನ ಹೆಂಡತಿ ಅನಸೂಯಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮಾದಪ್ಪನ ಬೆಟ್ಟದ ಮೇಲೆ. ಅದು ೧೯೭೧ರ ಭಾದ್ರಪದ ಅಮಾವಾಸ್ಯೆ. ಕೊಳ್ಳೇಗಾಲದಿಂದ ಮೂರು ದಿನ ನಡೆದು ಹೋಗಿದ್ದೆ. ಸ್ವಾಮಿಯ ದರ್ಶನ ಮುಗಿಸಿ, ಎಲೆಯಲ್ಲಿ ಪ್ರಸಾದ ಹಿಡಿದು, ಕಲ್ಲುಮಂಟಪದ ನೆರಳಿನಲ್ಲಿ ಕೂತಿದ್ದೆ. ಎದುರಿನ ಬೆಟ್ಟಗಳ ಮೈಮೇಲೆ ಮೋಡ ಮಲಗಿತ್ತು. ಆಗ ಬಸ್ಸಿನ ಕಂಡಕ್ಟರೊಬ್ಬ ಜನರ ನಡುವೆ ಕೂಗುತ್ತ ಬಂದ.

"ಕೊಳ್ಳೇಗಾಲದ ಮಗ್ಗದ ರುದ್ರಸ್ವಾಮಿ ಅನ್ನೋರು ಯಾರ್ ಸಾ?"

ಸೀರೆ ಅಂಗಡಿಯವರು ಯಾರೋ ಹೇಳಿಕಳಿಸಿರಬೇಕೆಂದು ಕೈ ಎತ್ತಿದೆ. ಅವನು ಹತ್ತಿರ ಬಂದು ಹೆಗಲಿನ ಚೀಲವನ್ನು ಹಿಂದಕ್ಕೆ ಸರಿಸಿಕೊಂಡ.

"ಬಸ್ ತಿರುಗುಸ್ತಾವ್ರೆ, ಈಗ್ಲೇ ಅತ್ಕಳಿ ಸಾ. ನಿಮ್ ಮನೇಲಿ ಅಮ್ಮಾರು..."

ಅಷ್ಟು ಹೇಳಿ ನೆಲ ನೋಡಿದ. ಕೈಯಲ್ಲಿದ್ದ ಪ್ರಸಾದವನ್ನು ಎಲ್ಲಿಟ್ಟೆನೋ ಇಂದಿಗೂ ನೆನಪಿಗೆ ಬಾರದು.

ಮೂರೇ ದಿನದ ಜ್ವರ. ನಾನು ಮನೆ ಬಿಟ್ಟ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಬುತ್ತಿ ಕೊಟ್ಟಿದ್ದಳು. ಮೈ ಆಗಲೇ ಬಿಸಿಯಿತ್ತೋ ಏನೋ, ನಾನು ಗಮನಿಸಲಿಲ್ಲ.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದರು. ಹೊನ್ನೂರಿನಿಂದ ಬಂದಿದ್ದ ನಾದಿನಿ ಕೆಂಪಾಜಮ್ಮ ಮಾತ್ರ ಉಳಿದಳು. ಅವಳ ನಾಲಿಗೆ ಮೊದಲಿನಿಂದಲೂ ಚುರುಕು. ಒಂದು ದಿನ ನಡುಮನೆ ಗುಡಿಸುತ್ತ, ಮೂಲೆಯಲ್ಲಿದ್ದ ನನ್ನ ಹಾಡಿನ ಪೆಟ್ಟಿಗೆಗೆ ಪೊರಕೆಯಿಂದಲೇ ಒಂದು ಏಟು ಕೊಟ್ಟಳು.

"ಇವಳಿಗೇನು, ಗುಂಡಗವ್ಳೆ ನಮ್ಮಕ್ಕನ ಸವತಿ. ಬಾವ, ಮೂವತ್ನಾಕು ವರ್ಷ ನಿಮ್ ಜತೆ ಬಾಳಾಟ ಮಾಡುದ್ಳಲ್ಲ, ಒಂದು ದಪನಾದ್ರೂ ಅವಳನ್ನ ಬೆಟ್ಟಕ್ಕೆ ಕರ್ಕಂಡು ಓದ್ರಾ?"

"ಅವಳು ಕೇಳ್ಲೇ ಇಲ್ಲ ಕಣವ್ವ."

"ಕೇಳ್ಲಿಲ್ವಾ? ಸರಿ ಬುಡಿ."

ನಾನು ಸುಳ್ಳು ಹೇಳಿರಲಿಲ್ಲ. ಅವಳು ಕೇಳಿದ್ದರೆ ಕರೆದೊಯ್ಯುತ್ತಿದ್ದೆ ಎಂದೇ ನಂಬಿದ್ದೆ. ಆ ನಂಬಿಕೆಯ ಮೇಲೆ ಕೈಯೂರಿ ಹೇಗೋ ದಿನ ತಳ್ಳುತ್ತಿದ್ದೆ.

ಹೀಗಿರಲು ಕಾರ್ತಿಕದ ಒಂದು ಬೆಳಿಗ್ಗೆ ಅವಳ ದನಿಯನ್ನು ನೆನೆಯಲು ಹೋದೆ. ಮುಖ ಬಂತು, ದನಿ ಬರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ಎಷ್ಟೋ ಹೊತ್ತು ಕಣ್ಣು ಮುಚ್ಚಿ ಕೂತೆ. ಬಾರಲೇ ಇಲ್ಲ. ಆಗ ಎರಡು ವರ್ಷದ ಹಿಂದಿನ ಟೇಪು ನೆನಪಾಯಿತು.

ಯಳಂದೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಬಿಳಿಗಿರಿ ನನಗೆ ಒಡಹುಟ್ಟಿದವನಂತಿದ್ದ. ಹನೂರಿನಲ್ಲಿ ಟೆಂಟ್ ಸಿನಿಮಾ ಮುಚ್ಚಿದಾಗ ಅದರ ಆಂಪ್ಲಿಫೈಯರನ್ನು ತಂದು ನನಗೆ ಜೋಡಿಸಿಕೊಟ್ಟವನು ಅವನೇ. ಸ್ಪೀಕರಿಗೆ ಹಲಸಿನ ಹಲಗೆಯ ಪೆಟ್ಟಿಗೆಯನ್ನು ನಾನೇ ಮಾಡಿಸಿದೆ. ನಾಗಸ್ವರದ ರೆಕಾರ್ಡು ಹಾಕಿಕೊಂಡು ನೇಯುವುದು ನನ್ನ ಸುಖ. ಬಿಳಿಗಿರಿ ಹೊಸದಾಗಿ ಟೇಪ್ ರೆಕಾರ್ಡರ್ ಕೊಂಡಾಗ ಮೊದಲು ನಮ್ಮ ಮನೆಗೇ ತಂದು, ಏನು ಹಿಡಿಯಲಿ ಎಂದು ಕೇಳಿದ್ದ. ನನ್ನ ಮಗ್ಗದ ಸದ್ದು ಹಿಡಿ ಎಂದಿದ್ದೆ. ನನ್ನ ಕೈಯ ತಾಳ ಊರಿನಲ್ಲಿ ಯಾರಿಗೂ ಇಲ್ಲವೆಂಬ ಜಂಬ ನನ್ನದು. ಆ ಹೊತ್ತಿನಲ್ಲಿ ಅನಸೂಯಮ್ಮ ಅದೇ ಕೋಣೆಯ ಕಿಟಕಿಯ ಹತ್ತಿರ ರಾಟೆಯ ಮುಂದೆ ಕೂತು, ಲಾಳಿಗೆ ಹಾಕುವ ಕಂಡಿಕೆಗಳಿಗೆ ರೇಷ್ಮೆ ಸುತ್ತುತ್ತಿದ್ದಳು. ಸುತ್ತುವಾಗ ತನ್ನಷ್ಟಕ್ಕೆ ಮಾತನಾಡುವುದು ಅವಳ ಅಭ್ಯಾಸ.

ಬಿಳಿಗಿರಿಯನ್ನು ಕರೆಸಿ ಟೇಪು ಹಾಕಿಸಿದೆ. ಮಗ್ಗ ಬಡಿಯಿತು. ಬಡಿತದ ಅಡಿಯಲ್ಲಿ, ಬಾವಿಯ ತಳದಲ್ಲಿ ಬಳೆ ಅಲುಗಿದಂತೆ, ಏನೋ ಒಂದು ಇತ್ತು. ಸದ್ದು ಹೆಚ್ಚಿಸಿದರೆ ಮಗ್ಗವೇ ಹೆಚ್ಚುತ್ತಿತ್ತು.

"ಅಕ್ಕನೇ ಕಣಣ್ಣ," ಎಂದ ಬಿಳಿಗಿರಿ, ಪೆಟ್ಟಿಗೆಗೆ ಕಿವಿ ಹಚ್ಚಿ. "ಆದ್ರೆ ಈ ಟೆಂಟಿನ ಮಿಸೀನಿಗೆ ಕಿರುಚೋದು ಗೊತ್ತೇ ವರ್ತು ಪಿಸುಗುಡೋದು ಗೊತ್ತಿಲ್ಲ. ಇದರ ಮುಂದೆ ಒಂದು ಒಳ್ಳೆ ಪ್ರೀ-ಆಂಪ್ಲಿಫೈಯರ್ ಕೂರುಸ್ಬೇಕು. ಸಣ್ಣ ದನೀನ ಅದು ಮೊದ್ಲು ಎತ್ತಿ ಸಾಕ್ತದೆ, ಆಮೇಲೆ ದೊಡ್ಡದರ ಕೈಗೆ ಕೊಡ್ತದೆ. ಮಗ್ಗದ ದಪ್ಪ ಸದ್ದು ಇಳಿಸಕ್ಕೆ ಒಂದು ತಿರುಪು, ದನಿ ಎತ್ತಕ್ಕೆ ಇನ್ನೊಂದು."

"ಎಲ್ಲಿ ಸಿಕ್ಕುತ್ತಪ್ಪ ಅದು?"

"ಮೈಸೂರಲ್ಲಿ ಒಬ್ರು ಕಾಫಿ ತೋಟದ ದೊರೆಗಳ ಮನೇಲದೆ. ಪರದೇಶದ್ದು, ವಾಲ್ವಿನದು. ಅಂಥದ್ದು ಈ ಸೀಮೇಲೇ ಇನ್ನೊಂದಿಲ್ಲ. ಅವರು ದುಡ್ಡಿಗೆ ಕೊಡಾಕಿಲ್ಲ."

ದುಡ್ಡಿಗೆ ಕೊಡದವರು ಸೀರೆಗೆ ಕೊಟ್ಟರು. ಅವರ ಮಗಳ ಧಾರೆಗೆ ಒಂದು ಸೀರೆ ನೇಯ್ದುಕೊಡಬೇಕೆಂದು ಮಾತಾಯಿತು. ಎರಡು ತಿಂಗಳು ನೇಯ್ದೆ. ಅನಸೂಯಮ್ಮ ಸುತ್ತಿಟ್ಟಿದ್ದ ಕಂಡಿಕೆಗಳು ಬುಟ್ಟಿಯಲ್ಲಿ ಇನ್ನೂ ಇದ್ದವು; ಅವುಗಳನ್ನೇ ಲಾಳಿಗೆ ಹಾಕಿದೆ. ಒಂದೊಂದು ಕಂಡಿಕೆ ಬರಿದಾದಾಗಲೂ ಅವಳ ಬೆರಳು ಒಮ್ಮೆ ನನ್ನ ಕೈ ಮುಟ್ಟಿ ಬಿಟ್ಟುಹೋದಂತೆ ಅನ್ನಿಸುತ್ತಿತ್ತು. ಕೊನೆಯ ಕಂಡಿಕೆಯನ್ನು ಮಾತ್ರ ನೇಯದೆ ಉಳಿಸಿಕೊಂಡೆ.

ಮಾಘದಲ್ಲಿ ಬಿಳಿಗಿರಿ ಆ ಯಂತ್ರವನ್ನು ಹುಲ್ಲಿನಲ್ಲಿ ಸುತ್ತಿ ತಂದ. ಮುಖಕ್ಕೆ ಹೊಂಬಣ್ಣದ ತಗಡು, ನಾಲ್ಕು ತಿರುಪು, ಬೆನ್ನ ಮೇಲೆ ಹೆಬ್ಬೆರಳಿನಷ್ಟೇ ಇರುವ ಐದು ಗಾಜಿನ ವಾಲ್ವುಗಳು. ದಾರಿಯಲ್ಲಿ ಒಂದು ಬೆಸುಗೆ ಬಿಟ್ಟಿತ್ತು. ಅಡಿಯ ತಗಡು ಬಿಚ್ಚಿ ಅದನ್ನು ಸರಿಮಾಡಿದ. ಹೊತ್ತಾಯಿತು, ನಾಳೆ ಬಂದು ಹಚ್ಚುತ್ತೇನೆಂದು ಹಾಗೇ ಮಗುಚಿಟ್ಟು ಹೋದ.

ಮಧ್ಯಾಹ್ನದ ಬಿಸಿಲು ಗವಾಕ್ಷಿಯಿಂದ ಇಳಿದು ಅದರ ಹೊಟ್ಟೆಯೊಳಗೆ ಬಿದ್ದಿತ್ತು. ಹತ್ತಿರ ಹೋಗಿ ನೋಡಿದೆ. ನನ್ನ ಜೀವ ತಡೆಯಲಿಲ್ಲ. ತಂತಿಗಳು ಮನಬಂದ ಕಡೆ ಓಡಿವೆ. ಎರಡು ತಂತಿಗಳಂತೂ ಮೊದಲಿಂದ ಕೊನೆಯವರೆಗೆ ಒಂದಕ್ಕೊಂದು ತೊಡರಿ ಗಂಟಿಕ್ಕಿಕೊಂಡಂತಿವೆ. ನಮ್ಮ ಕಸುಬಿನಲ್ಲಿ ಹಾಸಿನ ಎಳೆ ಎಳೆಯ ಮೇಲೆ ಬಿದ್ದರೆ ಸೀರೆಯೇ ಕೆಟ್ಟಿತು. ಅವಳ ದನಿ ಬರಬೇಕಾದ ದಾರಿ ಇದು, ಇಷ್ಟು ಸಿಕ್ಕಾಗಿ ಇರಬಾರದು ಎನ್ನಿಸಿತು. ಕೈ ತೊಳೆದುಕೊಂಡು ಬಂದು, ಸ್ವಾಮಿಯನ್ನು ನೆನೆದು, ತೊಡರಿದ್ದ ಎರಡನ್ನೂ ಒಂದು ತುದಿಯ ಮೊಳೆ ಸಡಿಲಿಸಿ ಬಿಡಿಸಿ, ನೇರ ಮಾಡಿ ಮತ್ತೆ ಬಿಗಿದೆ. ಎಲ್ಲವನ್ನೂ ಪಕ್ಕಪಕ್ಕಕ್ಕೆ ಹಾಸಿನಂತೆ ಓರಣವಾಗಿ ಕೂರಿಸಿ, ನಾಲ್ಕು ಬೆರಳಿಗೊಂದರಂತೆ ರೇಷ್ಮೆ ದಾರದಿಂದ ಕಟ್ಟಿದೆ. ಅಡಿಯ ತಗಡನ್ನೂ ಮುಚ್ಚಿ ಮೊಳೆ ತಿರುಗಿಸಿದೆ. ಮನಸ್ಸು ತಣ್ಣಗಾಯಿತು.

ಮರುದಿನ ಬಿಳಿಗಿರಿ ಬಂದು, "ತಗಡೂ ಮುಚ್ಚಿಬುಟ್ರಾ? ಒಳ್ಳೇದಾಯ್ತು," ಎಂದು ಎಲ್ಲವನ್ನೂ ಜೋಡಿಸಿ ಸ್ವಿಚ್ ಹಾಕಿದ. ಐದು ವಾಲ್ವುಗಳೂ ಗರ್ಭಗುಡಿಯ ದೀಪದಂತೆ ಒಂದೊಂದಾಗಿ ಕೆಂಪಗೆ ಕಣ್ಣು ತೆರೆದವು. ಕೆಂಪಾಜಮ್ಮ ಕೂಡ ಸೆರಗು ಸರಿಮಾಡಿಕೊಂಡು ಬಂದು ಕೂತಳು. ಅಷ್ಟರಲ್ಲಿ ಪೆಟ್ಟಿಗೆಯಿಂದ ಗುಂಯ್ ಎಂದು ಜೇನುಗೂಡು ಕೆದಕಿದಂಥ ಮೊರೆತ ಎದ್ದಿತು. ಟೇಪು ಹಾಕಿದರೆ ಆ ಮೊರೆತದಲ್ಲಿ ಮಗ್ಗವೂ ಮುಳುಗಿತು, ದನಿಯೂ ಮುಳುಗಿತು.

ಬಿಳಿಗಿರಿ ವಾಲ್ವು ಬದಲಿಸಿದ. ಪ್ಲಗ್ಗು ತಿರುಗಿಸಿ ಹಾಕಿದ. ಮಣ್ಣಿಗೆ ತಂತಿ ಕೊಟ್ಟ. ಮೂರು ದಿನ ಯಳಂದೂರಿನಿಂದ ಬಂದು ಬಂದು ಹೋದ. ಮೊರೆತ ಇಳಿಯಲಿಲ್ಲ. ಮೂರನೆಯ ದಿನ ಕೈ ಒರೆಸಿಕೊಂಡು ಎದ್ದುನಿಂತ.

"ನನ್ ಕೈಲಾಗಲ್ಲ ಕಣಣ್ಣ. ವಾಪಸ್ ಕೊಟ್ಬುಡಾವ. ಮೈಸೂರಲ್ಲಿ ಒಂಚೂರೂ ಮೊರೀತಿರಲಿಲ್ಲ, ನನ್ ಕಿವಿಯಾರೆ ಕೇಳಿವ್ನಿ. ನಿಮ್ಮನೇಲಿ ಏನಾಯ್ತು ಇದಕ್ಕೆ?"

ಒಳಗೆ ಕೈಹಾಕಿದ್ದು ಹೇಳಬೇಕಾದ ಮಾತೆಂದು ಅದುವರೆಗೆ ಹೊಳೆದೇ ಇರಲಿಲ್ಲ.

"ಏನೂ ಇಲ್ಲಪ್ಪ. ಒಳಗೆ ಒಸಿ ಸಿಕ್ಕಾಗಿತ್ತು. ಬಿಡಿಸಿಟ್ಟೆ."

ಅವನು ಯಂತ್ರವನ್ನು ಮಗುಚಿ ತಗಡು ಬಿಚ್ಚಿದ. ಒಳಗೆ ನೋಡಿದ. ನನ್ನನ್ನು ನೋಡಿದ. ಆಮೇಲೆ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ ನಮ್ಮಪ್ಪ! ಅಂಚೊಂದು ಬುಟ್ಟವ್ರೆ, ಸೀರೆನೇ ನೇಯ್ದವ್ರೆ! ಅಣ್ಣ, ಈ ಎರಡು ತೊಡರಿರಲಿಲ್ಲ, ಬೇಕು ಅಂತಲೇ ಹುರಿ ಮಾಡಿದ್ರು. ವಾಲ್ವಿಗೆ ಬೆಂಕಿ ಕೊಡೋ ಕರೆಂಟು ಇದರಲ್ಲಿ ಓಡ್ತದೆ. ಹುರಿ ಇದ್ರೆ ಇದರ ಮೊರೆತ ಅದು ನುಂಗ್ತದೆ, ಅದರ ಮೊರೆತ ಇದು ನುಂಗ್ತದೆ. ನೀವು ಹುರಿ ಬಿಚ್ಚಿ, ತಕ್ಕಂಡೋಗಿ ದನಿ ತಂತಿ ಪಕ್ಕದಲ್ಲೇ ಮಲಗಿಸಿದ್ದೀರಿ."

"ಇವ್ರಿಗೆ ಸಿಕ್ಕು ಕಂಡ್ರೆ ಆಗಾಕಿಲ್ಲ," ಎಂದಳು ಕೆಂಪಾಜಮ್ಮ. "ನಮ್ಮಕ್ಕ ತಲೆ ಬಾಚ್ಕಳೋದು ತಡ ಆದ್ರೂ ಬಯ್ಯೋರು."

ರೇಷ್ಮೆ ದಾರಗಳನ್ನು ಕತ್ತರಿಸಿ, ಬಿಳಿಗಿರಿ ಆ ಎರಡು ತಂತಿಗಳನ್ನು ಬಿಚ್ಚಿ ತೆಗೆದು ನನ್ನ ಕೈಗೆ ಕೊಟ್ಟ. "ಹುರಿ ಮಾಡೋದ್ರಲ್ಲಿ ನಿಮಗಿಂತ ಯಾರವ್ರೆ? ನೀವೇ ಮಾಡಿ." ತೊಡೆಯ ಮೇಲಿಟ್ಟುಕೊಂಡು, ಎಳೆಗೆ ಎಳೆ ಒತ್ತಿ ಕೂರುವಂತೆ, ಅಂಗೈಯಿಂದ ಮೆಲ್ಲಗೆ ಹೊಸೆದೆ. ಅವನು ಅದನ್ನು ಒಂದು ಮೂಲೆಗೆ ಒತ್ತರಿಸಿ ಬೆಸೆದ. ಉಳಿದವನ್ನು ಮೊದಲಿನಂತೆ ಚದುರಿಸಿದ.

ಸ್ವಿಚ್ ಹಾಕಿದಾಗ ಪೆಟ್ಟಿಗೆಯಿಂದ ಏನೂ ಬರಲಿಲ್ಲ. ಕೆಟ್ಟಿತೆಂದುಕೊಂಡೆ. ಕೆಟ್ಟಿರಲಿಲ್ಲ. ಬೆಟ್ಟದ ಮೇಲೆ ಮೋಡ ಬಂದು ಮುಚ್ಚಿದಾಗ ಒಂದು ಮೌನವಿರುತ್ತದಲ್ಲ, ಅಂಥ ಮೌನ ಕೋಣೆಯ ತುಂಬ ನಿಂತಿತ್ತು. ಬಿಳಿಗಿರಿ ಟೇಪು ಬಿಟ್ಟ. ಮಗ್ಗ ಬಡಿಯಿತು. ಅವನು ಒಂದು ತಿರುಪು ತಿರುಗಿಸಿದಂತೆ ನನ್ನ ಮಗ್ಗ ದೂರ ಸರಿಯಿತು, ಪಕ್ಕದ ಬೀದಿಗೆ, ಅದರಾಚೆಯ ಬೀದಿಗೆ. ಇನ್ನೊಂದು ತಿರುಗಿಸಿದ. ರಾಟೆಯ ಕಿರಕಿರ ಹತ್ತಿರ ಬಂತು. ಬಳೆ ಸದ್ದಾಯಿತು. ಅವಳು ಕೆಮ್ಮಿದಳು. ಕಿಟಕಿಯ ಹತ್ತಿರ, ಅವಳು ಕೂರುತ್ತಿದ್ದ ಜಾಗದಲ್ಲಿ, ಗಾಳಿ ಒಂದಿಷ್ಟು ಬೆಚ್ಚಗಾದಂತಾಯಿತು. ಆಮೇಲೆ ದನಿ.

"ಏನ್ರೀ... ಈ ದೀಪಾವಳಿಗೆ ಬೆಟ್ಟಕ್ಕೆ ನಾನೂ ಬತ್ತೀನಿ ಕಣ್ರಿ."

ಮಗ್ಗ ಬಡಿಯಿತು.

"ನಿಧಾನಕ್ಕೆ ನಡೀತೀನಿ. ನಿಮಗೇನೂ ತೊಂದ್ರೆ ಕೊಡಾಕಿಲ್ಲ."

ಮಗ್ಗ ಬಡಿಯಿತು. ಒಂದು ಸಲವೂ ತಾಳ ತಪ್ಪಲಿಲ್ಲ. ಅವಳು ಸಣ್ಣಗೆ ನಕ್ಕು, "ಕೇಳುಸ್ತಾ ಇವ್ರಿಗೆ..." ಎಂದು ತನಗೆ ತಾನೇ ಹೇಳಿಕೊಂಡಳು. ರಾಟೆ ಮತ್ತೆ ತಿರುಗಿತು.

ಬಿಳಿಗಿರಿ ಯಂತ್ರದ ಕಡೆಗೆ ಮುಖ ತಿರುಗಿಸಿಕೊಂಡು ಕೂತಿದ್ದ. ನಾನು ಕೆಂಪಾಜಮ್ಮನ ಮಾತಿಗಾಗಿ ಕಾದೆ. ಎಷ್ಟು ಕಟುವಾದರೂ ಸರಿ, ತಲೆಬಾಗಿ ಕೇಳಬೇಕೆಂದುಕೊಂಡೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೇಳಿದ್ಳು ಕಣವ್ವ," ಎಂದೆ ನಾನೇ. "ನಾನೇ ಕೇಳಿಸ್ಕಳ್ಳಲಿಲ್ಲ."

"ಊಂ," ಎಂದಳು. "ಬಾವ, ಬರೋ ಅಮಾಸೆಗೆ ಒರಡಿ. ನಾನೂ ಬತ್ತೀನಿ. ಬಿಳಿಗಿರಣ್ಣ, ಇನ್ನೊಂದು ದಪ ಆಕಪ್ಪ, ನಮ್ಮಕ್ಕ ನಕ್ಕಿದ್ದು ಕೇಳ್ಬೇಕು."

ಆ ಅಮಾವಾಸ್ಯೆಗೆ ಹೊರಟೆವು. ಉಳಿಸಿಕೊಂಡಿದ್ದ ಕೊನೆಯ ಕಂಡಿಕೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಡೆದೆ. ನಿಧಾನಕ್ಕೆ ನಡೆಯುತ್ತೇನೆ ಎಂದಿದ್ದಳಲ್ಲ, ನಾವೂ ನಿಧಾನಕ್ಕೆ ನಡೆದೆವು. ಹನೂರು ದಾಟಲು ಎರಡು ದಿನ ಹಿಡಿಯಿತು. ಬೆಟ್ಟ ಸೇರಲು ಐದು ದಿನ. ದಾರಿಯಲ್ಲಿ ಹೊಳೆ ಕಂಡಾಗ ಹೊಳೆ ತೋರಿಸಿದೆ, ನವಿಲು ಕಂಡಾಗ ನವಿಲು ತೋರಿಸಿದೆ. ಕೆಂಪಾಜಮ್ಮ ಯಾರಿಗೆ ಹೇಳುತ್ತಿದ್ದೀರಿ ಎಂದು ಕೇಳಲಿಲ್ಲ. ಸುದ್ದಿ ಬಂದ ಅದೇ ಕಲ್ಲುಮಂಟಪದಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೆ ಸ್ವಾಮಿಯ ಮುಂದೆ ನಿಂತು ಕಂಡಿಕೆಯನ್ನು ಹೊಸ್ತಿಲ ಮೇಲಿಟ್ಟೆ.

ಮಾದಪ್ಪ, ನನ್ನ ತಂದೆ, ಇವಳನ್ನು ತಡವಾಗಿ ಕರೆತಂದಿದ್ದೇನೆ. ಮೆಲ್ಲಗೆ ಮಾತಾಡುವವಳು, ಎರಡನೆಯ ಸಲ ಕೇಳುವವಳಲ್ಲ. ನಿನ್ನ ಸನ್ನಿಧಿಯಲ್ಲಿ ಗಂಟೆ ಜಾಗಟೆ ಎಷ್ಟೇ ಮೊಳಗಲಿ, ಅವಳ ದನಿಗೆ ನೀನು ಕಿವಿಗೊಡು. ಅವಳ ಕಾಲಿಗೆ ದಣಿವು ಬಾರದಿರಲಿ, ಕೈಗೆ ಕೆಲಸ ಬಾರದಿರಲಿ. ನಿನ್ನ ನೆರಳಿನಲ್ಲಿ ಆ ಜೀವ ತಣ್ಣಗಿರಲಿ, ಸ್ವಾಮಿ.