ಹಿತ್ತಾಳಿ ತೋಪು

ನಮ್ಮೂರಾಗ ಒಂದು ಗುಂಡು ಹಾರಸೋ ತೋಪು ಸಿಕ್ಕಿತ್ತು ಅಂತ ಸರ್ಕಾರದ ಕಾಗದದಾಗ ಅದರಿ. ಆ ತೋಪಿನಾಗ ನಾ ಹೇನು ನೋಡೇನಿ.

ಬೀದರ ಕಡಿ ಚಿಂತಾಕಿಯಿಂದ ಎರಡು ಹರದಾರಿ ನಮ್ಮೂರು. ನಿಜಾಮರ ಕಾಲದಾಗ ಸಾಲಿ ಅಂದ್ರ ಒಂದು ಪಡಸಾಲಿ, ನಾಕು ಉರ್ದು ಪುಸ್ತಕ, ನಜಮೋದ್ದೀನ ಮಾಸ್ತರು. ಹುಡಗ್ಯಾರು ಇಬ್ಬರೇ: ಮಾಸ್ತರ ಮಗಳು ಜಾಹೇದಾ, ಕುರಿ ಕಾಯೋ ಮಡೆಪ್ಪನ ಮಗಳು ಈ ಹೀರಾಬಾಯಿ, ಅಂದ್ರ ನಾನು. ಮಾಸ್ತರು ಹೈದರಾಬಾದಿನ ಹಳೇ ಬಜಾರದಾಗ ಒಂದು ಖುರ್ದಬೀನ್ ತಂದಿದ್ರು. ಹಿತ್ತಾಳಿ ನಳಗಿ, ಎರಡೂ ತುದಿಗಿ ಕಾಜು, ಕಣ್ಣಿಗಿ ಕಾಣದಷ್ಟು ಸಣ್ಣದು ದೊಡ್ಡದಾಗಿ ಕಾಣ್ತಿತ್ತು. ಶುಕ್ರವಾರ ಸೂಟಿ, ಅದಕ್ಕ ಪ್ರತಿ ಗುರುವಾರ ಒಬ್ಬರ ಪಾಳಿ. ಮನಿಂದ ಏನರ ತರಬೇಕು, ಎಲ್ಲರೂ ನೋಡಬೇಕು. ಉಪ್ಪು ನೋಡಿದ್ರ ಫರಸಿ ಕಲ್ಲು. ಉಳ್ಳಾಗಡ್ಡಿ ಪೊರಿ ನೋಡಿದ್ರ ಬೀದರ ಕ್ವಾಟಿ ಗ್ವಾಡಿ. ಹಳೇ ಜ್ವಾಳದ ಹಿಟ್ಟಿಗಿ ಕಾಲಿದ್ದವು, ನಡೀತಿತ್ತು! ರೊಟ್ಟಿ ಒಲ್ಲೆ ಅಂತ ಅವತ್ತು ಅವ್ವನ ಕೈಯಾಗ ಹೊಡತ ತಿಂದೆ.

ನಾನು ನಮ್ಮ ಕುರಿಮರಿಯ ಉಣ್ಣಿ ಕೂದಲ ತರಬೇಕಂತ ಮಾಡಿದ್ದೆ. ನನ್ನ ಪಾಳಿ ಬರೋದ್ರಾಗ ಪೊಲೀಸ್ ಆಕ್ಷನ್ ಬಂತು.

ನಮ್ಮ ಪೊಲೀಸ ಪಾಟೀಲ ಹಣಮಂತಪ್ಪ ಸೋಮವಾರ ರೂಮಿ ಟೋಪಿ ಹಾಕ್ಕೊಂಡು ಆದಾಬ್ ಅಂದಿದ್ದ, ಶನಿವಾರ ಗಾಂಧಿ ಟೋಪಿ ಹಾಕ್ಕೊಂಡು ಜೈಹಿಂದ್ ಅಂದ. ತಲಿ ಅದೇ. ಊರಾಗಿನ ಹತಾರು, ಆಯುಧ ಬರೆದು ಒಪ್ಪಸ್ರಿ ಅಂತ ಹುಕುಂ ಬಂತು. ನಮ್ಮೂರಾಗ ಸಿಕ್ಕಿದ್ದು ಒಂದು ಜಂಗ ಹಿಡಿದ ತಲವಾರ, ಒಂದು ಬರ್ಚಿ. ಬಾಜೂ ಊರಿನವ ಒಂಬತ್ತು ಬರಸಿದ್ದನಂತ. ನಮ್ಮ ಪಾಟೀಲನ ಮೂಗು ಉಳಿಯೋದು ಹ್ಯಾಂಗರಿ?

ಅಂಥಾದ್ರಾಗ ಈ ನನ್ನ ಸುಡಗಾಡು ಬಾಯಿ. ಬಾವಿಕಟ್ಟಿ ಮ್ಯಾಲ ಹೆಣ್ಮಕ್ಕಳ ಮುಂದ ಜಂಬ ಕೊಚ್ಚಿದೆ: "ನಮ್ಮ ಮಾಸ್ತರ ಮನ್ಯಾಗ ಹಿತ್ತಾಳಿ ನಳಗಿ ಅದ. ಒಂದು ಕಣ್ಣು ಮುಚ್ಚಬೇಕು, ತಿರುಪು ತಿರುವಬೇಕು, ಉಸಿರು ಬಿಗಿ ಹಿಡೀಬೇಕು!"

ಪಾಟೀಲ ಅಲ್ಲೇ ಎತ್ತಿಗಿ ನೀರು ಕುಡಸ್ಲಿಕ್ಕತ್ತಿದ್ದ, ಕಿವಿಗಿ ಬಿತ್ತು. ಎತ್ತಿಗಿರೋ ಅಷ್ಟು ಬುದ್ಧಿ ಅವಗಿದ್ರ ಮಾಸ್ತರನ್ನ ಒಂದು ಮಾತು ಕೇಳ್ತಿದ್ದ. ಸೀದಾ ಚಾವಡಿಗಿ ಹೋಗಿ ಬರಸಿದ: ತೋಪು, ಹಿತ್ತಾಳಿದು, ಒಂದು; ಒಂದು ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡದು ಹೊಡಿಯೋದು. ಮರುದಿನ ಯಾದಿ ಬೀದರಕ್ಕ ಹೋಯ್ತು. ಮಾಸ್ತರ ಕೈ ಕಟ್ಟಿ ಚಾವಡಿಯಾಗ ಕುಂಡ್ರಿಸಿದ್ರು. ಹತಾರು ಮುಚ್ಚಿಟ್ಟವರನ್ನ ಜೇಲಿಗಿ ಒಯ್ತಿದ್ರು ಆವಾಗ. ಹೋದವರು ಯಾವಾಗ ಬರ್ತಾರೋ ಯಾರಿಗೂ ಗೊತ್ತಿರಲಿಲ್ಲ. ಜಾಹೇದಾ ಅತ್ತು ಅತ್ತು ಕಣ್ಣು ಬಾತಿದ್ದವು. ನಾ ಬಾವಿಗಿ ಹೋಗೋದೇ ಬಿಟ್ಟೆ.

ಮೂರನೇ ದಿನ ಮದ್ರಾಸ ಕಡಿ ಒಬ್ಬ ಫೌಜಿ ಸಾಹೇಬ, ಒಬ್ಬ ಗುಮಾಸ್ತನ್ನ ಕರಕೊಂಡು ಬಂದ. ಚಾವಡಿ ತುಂಬ ಮಂದಿ, ನಾನೂ ಮುಂದ ಹೊಕ್ಕಿದ್ದೆ. ಸಾಹೇಬ ಖುರ್ದಬೀನ್ ಇಟ್ಟಿದ್ದ ಪೆಟ್ಟಿಗಿ ತೆಗೆದು ಹುಬ್ಬು ಏರಿಸಿದ.

"ಇದು ಸಣ್ಣದರಿ ಸಾಹೇಬ್ರ," ಅಂದ ಪಾಟೀಲ. "ದೊಡ್ಡದು ಎಲ್ಲಿ ಹುಗದಾನೋ!"

ಸಾಹೇಬನ ಮಾತು ನಮಗ ತಿಳೀವಲ್ದು, ನಮ್ಮದು, ಮಾಸ್ತರ ಉರ್ದು ಸುದ್ದಾ, ಅವಗ; ಗುಮಾಸ್ತ ಯಾದಿಯಿಂದ ತಲಿ ಎತ್ತವಲ್ಲ. ಪಾಟೀಲ ಅಷ್ಟರಾಗ ಹೊಸಾ ಟೋಪಿ ತೆಗೆದು ತಲಿ ಕೆರಕೊಂಡ. ಟೋಪಿ ಅಂಚಿಗಿ ಒಂದು ಹೇನು ಹರೀತಿತ್ತು. ಕುರುಬರ ಹುಡಗಿಗಿ ಹೇನು ಹಿಡಿಯೋದು ಯಾರು ಕಲಸಬೇಕು? ಚಟ್ಟನೆ ಹಿಡದೆ, ಕಾಜಿನ ಪಟ್ಟಿ ಮ್ಯಾಲ ಇಟ್ಟೆ, ತಿರುಪು ತಿರುವಿದೆ, ನೋಡ್ರಿ ಅಂತ ಸಾಹೇಬಗ ಕೈ ಮಾಡಿದೆ. ಸಾಹೇಬ ಕಣ್ಣಿಟ್ಟವ ಹೌಹಾರಿ ಹಿಂದಕ್ಕ ಜಿಗದ. ಆಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕ. ಮಾಸ್ತರ ಕೈ ತಾನೇ ಬಿಚ್ಚಿದ. ಹೇನು ನಿಜಾಮರ ಕಾಲದ್ದೋ ಹೊಸಾ ಸರ್ಕಾರದ್ದೋ ನಾ ಕೇಳಲಿಲ್ಲ.

ಆದ್ರ ಗುಮಾಸ್ತ ಅಂಬೋವ ನಗೋ ಪೈಕಿ ಅಲ್ಲ. ಯಾದಿಯಾಗ ಮೂರು ಅದ, ಬೀದರದಾಗ ಮೂರೇ ಮುಟ್ಟಬೇಕು ಅಂದ. ಖುರ್ದಬೀನ್ ತಲವಾರದ ಬಾಜೂಕ ಗಾಡಿ ಏರಿತು. ಮಾಸ್ತರು ಸಹಿ ಮಾಡಿದ್ರು: 'ಒಂದು ತೋಪು ಖುಷಿಯಿಂದ ಒಪ್ಪಿಸೇನಿ.' ಮಾಡದಿದ್ರ ಅವರೂ ಗಾಡಿ ಏರಬೇಕಿತ್ತು. ಊರಿಗೆಲ್ಲಾ ಪಾಟೀಲ ಬೆಲ್ಲ ಹಂಚಿದ.

ಎರಡು ತಿಂಗಳಿಗಿ ಮ್ಯಾಲಿಂದ ಕಾಗದ ಬಂತು. ಮನ್ಯಾಗ ತೋಪು ಇಟ್ಟಿದ್ದೆ ಅಂತ ತಾನೇ ಸಹಿ ಮಾಡಿದವ ಮಕ್ಕಳಿಗಿ ಏನು ಕಲಿಸ್ತಾನ? ಮಾಸ್ತರ ನೌಕರಿ ಹೋಯ್ತು.

ಅವರು ಊರು ಬಿಡೋ ದಿನ ಗುರುವಾರ. ನಾ ಮುಷ್ಟಿಯಾಗ ಮರಿಯ ಉಣ್ಣಿ ಕೂದಲ ಹಿಡಕೊಂಡು ಬಂಡಿ ಹತ್ರ ನಿಂತಿದ್ದೆ. ಮಾಸ್ತರು ಅದನ್ನ ಇಸಕೊಂಡು, ಒಂದು ಎಳಿ ಬಿಡಿಸಿ, ಎರಡು ಕಾಜಿನ ನಡುವ ಇಟ್ಟು, ಮೇಣ ಹಚ್ಚಿ ನನ್ನ ಕೈಯಾಗ ಕೊಟ್ರು.

"ಪಾಟೀಲಗ ಯಾರು ಹೇಳಿದ್ರೋ ಏನೋ ಬೇಟಿ," ಅಂದ್ರು. "ಆದ್ರ ಭಾಳ ಛಲೋ ಹೇಳ್ಯಾರ. ಉಸಿರು ಬಿಗಿ ಹಿಡಿಯೋದು ಸುದ್ದಾ ಬಿಟ್ಟಿಲ್ಲ. ಅದು ನಾ ಕಲಿಸಿದ್ದೇ."

ಬಂಡಿ ಹೋಯ್ತು. ನಾನೇ ಹೇಳಿದ್ದರಿ ಮಾಸ್ತರ, ಅನ್ನಲಿಕ್ಕ ಬಾಯಿ ಬರಲಿಲ್ಲ ನನಗ. ಬಾವಿಕಟ್ಟಿ ಮ್ಯಾಲ ಭಾಳ ಬಂದಿತ್ತು.