ಕಟ್ಟೆಯ ಮೇಲೆ ಕೂತವರ ಹೆಸರು

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದೆ. ಹೊರಗೆ ಗಾಡಿ ನಿಂತ ಸಪ್ಪಳವಾಯಿತು. ಶನಿವಾರ ಮುಂಜಾನೆ ಆ ಸಪ್ಪಳ ಕೇಳಿದರೆ ನಮ್ಮ ಓಣಿಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಾರೆ. ನಾನು ಏಳುವ ಹಾಗಿರಲಿಲ್ಲ, ರೊಟ್ಟಿ ಸೀಯುತ್ತದೆ.

“ಆಯಿ, ಒಳಗ ಬರಲೇನ್ರಿ?”

“ಬಾರೋ ಸಿದ್ರಾಯ. ಕೈ ತೊಳ್ಕೊ. ಒಂದ ರೊಟ್ಟಿ ತಿಂದ ಮ್ಯಾಲ ನಿನ್ನ ಪುರಾಣ ಹಚ್ಚು.”

ಸಿದ್ರಾಯ ಸಾಲದ ಕಂಪನಿಯ ವಸೂಲಿಯವನು. ಕಂಪನಿಯ ಶಾಖೆ ಹುಕ್ಕೇರಿಯಲ್ಲಿದೆ, ಇವನ ಮನೆ ಮೂಡಲಗಿ ಕಡೆ. ಕುರಿ ಕಾಯುವ ಮನೆತನದವನು. ಕುರಿ ತಮ್ಮನಿಗೆ ಬಿಟ್ಟು ಈ ಕೆಲಸಕ್ಕೆ ಬಂದ. ನಸುಕಿನಲ್ಲಿ ಮನೆ ಬಿಟ್ಟವನ ಮುಖ ನಮ್ಮ ಕೊಣ್ಣೂರಿಗೆ ಬರುವ ಹೊತ್ತಿಗೆ ಬಾಡಿರುತ್ತದೆ. ಹಸಿದು ಬಂದವನಿಗೆ ಮೊದಲು ತಾಟು ಇಡುವುದು, ಆಮೇಲೆ ಮಾತು. ನಮ್ಮ ಕಡೆ ಹೀಗೆಯೇ.

ಶೇಂಗಾ ಚಟ್ನಿಗೆ ಮೊಸರು ಕಲಸಿಕೊಂಡು ಅರ್ಧ ರೊಟ್ಟಿ ತಿಂದವನು ತಲೆ ಎತ್ತದೆ ಹೇಳಿದ. “ಇವತ್ತೂ ನಜೀರಾ ಅಕ್ಕನ ಕಟ್ಟಿಮ್ಯಾಲ ಕೂಡ್ರಬೇಕಂತ್ರಿ. ಕಂತು ಬರೂತನಾ ಏಳಬಾರದಂತ.”

“ಯಾರ್ ಕೂಡ್ರಬೇಕು?”

“ನೀವ್ರಿ. ಸಂಘದವ್ರು.”

“ಮತ್ತ ನೀ?”

“ನಾ ಬೇವಿನಗಿಡದ ಕೆಳಗ ಇರತೀನ್ರಿ. ಗಂಡಸರು ಮನಿ ಮುಂದ ನಿಂದರಬಾರದಂತ ಸಾಹೇಬ್ರು ಹೇಳ್ಯಾರ.”

“ಶಾಣೇ ಅದಾರ ನಿಮ್ಮ ಸಾಹೇಬ್ರು,” ಎಂದೆ.

ನಮ್ಮ ಸಂಘದಲ್ಲಿ ಒಬ್ಬಳ ಸಾಲಕ್ಕೆ ಉಳಿದವರೆಲ್ಲ ಜಾಮೀನು. ಓದಲು ಬರುತ್ತದೆಂದು ನನ್ನನ್ನು ಮುಖ್ಯಸ್ಥೆ ಮಾಡಿದ್ದಾರೆ. ನಜೀರಾ ಹೊಲಿಗೆ ಯಂತ್ರಕ್ಕೆಂದು ಸಾಲ ತೆಗೆದಿದ್ದಳು. ಗಂಡ ಬಾಬಾಲಾಲ ಹತ್ತಿ ಹಿಂಜಿ ಗಾದಿ ತುಂಬುತ್ತಾನೆ, ಇವಳು ಗವಸು ಹೊಲಿಯುತ್ತಾಳೆ. ಮಳೆಗಾಲದಲ್ಲಿ ಗಾದಿ ಯಾರು ಹಾಕಿಸುತ್ತಾರೆ? ಕಂತು ನಿಂತಿತು. ಕಂಪನಿಯವರು ಬೈಯಲಿಲ್ಲ, ಬೀಗವನ್ನೂ ಹಾಕಲಿಲ್ಲ. ನಮ್ಮನ್ನೇ ಕರೆದುಕೊಂಡು ಹೋಗಿ ಅವಳ ಮನೆಯ ಕಟ್ಟೆಯ ಮೇಲೆ ಕೂಡಿಸಿದರು. ಎರಡನೆಯ ಸಲ ಕೂತ ದಿನವೇ ನಜೀರಾ ಹಿತ್ತಲ ಬಾಗಿಲಿನಿಂದ ಅಂಕಲಗಿಗೆ, ತವರಿಗೆ ಹೋದಳು. ತಿರುಗಿ ಬಂದಿಲ್ಲ. ಮಗಳು ತಸ್ಲೀಮ ಶಾಲೆ ತಪ್ಪಬಾರದೆಂದು ಅಪ್ಪನ ಹತ್ತಿರವೇ ಉಳಿದಿದ್ದಾಳೆ.

ಇದಕ್ಕೆ ದಾರಿ ಇಲ್ಲದೆ ಇರಲಿಲ್ಲ. ಜಿಲ್ಲೆಯಲ್ಲಿ ನೋಂದಣಿ ಮಾಡಿಸದ ಕಂಪನಿ ಸಾಲ ಕೊಡಬಾರದು, ವಸೂಲಿಯನ್ನೂ ಮಾಡಬಾರದು ಎಂದು ಸರಕಾರದ ಕಾಯಿದೆ ಬಂದಿದೆ. ಅದರ ಕರಪತ್ರವನ್ನು ಸಂಘದಲ್ಲಿ ಓದಿ ಹೇಳಿದವಳು ನಾನೇ. ಈ ಕಂಪನಿಯ ನೋಂದಣಿ ಆಗಿದೆಯೋ ಇಲ್ಲವೋ ನೋಡಿರಿ ಎಂದು ಬೆಳಗಾವಿಯ ಜಿಲ್ಲಾಧಿಕಾರಿಗಳಿಗೆ ಅರ್ಜಿಯನ್ನೂ ಬರೆದೆ. ಗೋಕಾಕಕ್ಕೆ ಹೋದಾಗ ಅರ್ಜಿ ಬರೆಯುವವರಿಗೆ ತೋರಿಸಿದೆ. ಎಲ್ಲ ಸರಿ ಇದೆ ಅಜ್ಜಿ, ವಸೂಲಿಗೆ ಮನೆತನಕ ಬರುವವರ ಹೆಸರು ಹಾಕಿರಿ, ಇಲ್ಲದಿದ್ದರೆ ಯಾರನ್ನು ಕರೆದು ಕೇಳುತ್ತಾರೆ ಎಂದರು. ಆ ಒಂದು ಸಾಲು ಖಾಲಿ ಬಿಟ್ಟು ಮಡಚಿ, ಜೋಳದ ಡಬ್ಬಿಯ ಕೆಳಗಿಟ್ಟೆ. ಹಿಟ್ಟಿಗೆಂದು ಡಬ್ಬಿ ಎತ್ತಿದಾಗಲೆಲ್ಲ ಕಾಣುತ್ತಿತ್ತು. ಶನಿವಾರ ಬಂದರೆ ಸಿದ್ರಾಯ ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದ. ನನ್ನ ತಾಟಿನಲ್ಲಿ ಉಂಡವನ ಹೆಸರನ್ನು ಸರಕಾರದ ಕಾಗದಕ್ಕೆ ಹೇಗೆ ಹಾಕಲಿ? ಅವನಿಗೂ ಮೊಲೆ ಬಿಡದ ಕೂಸು ಮನೆಯಲ್ಲಿದೆ.

“ನಿಮ್ಮ ಕಂಪನಿದು ನೋಂದಣಿ ಆತೇನೋ?” ಎಂದೆ.

“ಆಗತೈತಿ ಅಂತಾರ್ರಿ.”

“ಹೋದ ತಿಂಗಳನೂ ಅದನ್ನ ಅಂದಿ.”

“ಹೋದ ತಿಂಗಳನೂ ನನಗ ಅದನ್ನ ಅಂದಾರ್ರಿ, ಆಯಿ.” ತಾಟು ತೊಳೆದಿಟ್ಟು ಎದ್ದ.

ನಜೀರಾಳ ಕಟ್ಟೆ ನಮಗೆಲ್ಲ ಸಾಲದು. ಯಲ್ಲವ್ವ, ಅಕ್ಕವ್ವ, ಉಳಿದವರು ಒತ್ತಿ ಒತ್ತಿ ಕೂತೆವು. ನನ್ನ ಮೊಣಕಾಲು ಮಡಚುವುದಿಲ್ಲ, ಕಾಲು ಇಳಿಬಿಟ್ಟು ಕೂತೆ. ಒಳಗಿನಿಂದ ಬಾಬಾಲಾಲ ಬಂದ. ರೆಪ್ಪೆಯ ಮೇಲೆ, ಮೀಸೆಯ ಮೇಲೆ ಹತ್ತಿಯ ಎಳೆ. ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಛಾ ಇಟ್ಟ.

ಬರೇ ಕೂತು ನಮಗೆ ರೂಢಿ ಇಲ್ಲ. ಕಂಪನಿಯವರಿಗೆ ಇದು ಹೇಗೆ ಗೊತ್ತಾಗಬೇಕು? ಬಾಗಿಲಲ್ಲಿ ಹತ್ತಿಯ ಚೀಲ ಬಿಚ್ಚಿತ್ತು. ಯಲ್ಲವ್ವ ಕೈಹಾಕಿ ಕಸ ಆರಿಸತೊಡಗಿದಳು. ಅವಳನ್ನು ನೋಡಿ ಉಳಿದವರೂ ಒಂದೊಂದು ಹಿಡಿ ಉಡಿಯಲ್ಲಿ ಹಾಕಿಕೊಂಡರು. ಅಕ್ಕವ್ವ ಹಿತ್ತಲಿಗೆ ಹೋಗಿ ಎಂಜಲು ಪಾತ್ರೆ ಬೆಳಗಿ ಬಂದಳು.

“ನೋಡ್ರವಾ,” ಎಂದಳು ಯಲ್ಲವ್ವ, “ವಸೂಲಿಗೆ ಬಂದು ಬಿಟ್ಟಿ ಕೂಲಿ ಮಾಡಾಕತ್ತೇವಿ. ಸಂಜೀತನಾ ಕೂತ್ರ ಬಾಬಾಲಾಲಂದ ಒಂದ ಗಾದಿ ಮುಗೀತೈತಿ.”

ಎಲ್ಲರೂ ನಕ್ಕರು. ಬಾಬಾಲಾಲ ಛಾ ತಂದು ನನ್ನ ಮುಂದೆ ಹಿಡಿದ.

“ಕುಡೀರಿ ಕಾಕು. ನೀವು ಕುಡೀದ ಕೂತ್ರ ನನಗ ಇನ್ನೂ ನಾಚಿಕಿ.”

“ನಜೀರಾ ಏನಂತಾಳೊ?”

“ಕಂಪನಿಯವ್ರಿಗೆ ಅಂಜಂಗಿಲ್ಲ ಅಂತಾಳ್ರಿ. ಮಳಿ ಹೋದ ಮ್ಯಾಲ ದುಡದು ಕೊಟ್ರಾತು ಅಂತಾಳ.” ಅವನು ಛಾದ ಕಪ್ಪು-ಬಸಿಗಳನ್ನು ಸುಮ್ಮನೆ ಸರಿಸಿದ. “ನಿಮ್ಮ ಮಕಾ ನೋಡೂದ ಆಗಂಗಿಲ್ಲಂತ. ಅವಳ ಬಾಣಂತನ ಮಾಡಿದವ್ರು ನೀವು.”

ಛಾ ಆರಿತು. ಮುಂಜಾನೆಯ ಶಾಲೆ ಬಿಟ್ಟು ಓಣಿಯಲ್ಲಿ ಮಕ್ಕಳ ಗದ್ದಲವಾಯಿತು. ತಸ್ಲೀಮ ತಿರುವಿನಲ್ಲಿ ನಮ್ಮನ್ನು ಕಂಡು ನೀರಿನ ಟಾಕಿಯ ಹಿಂದೆ ಸರಿದು ನಿಂತಳು. ಪಾಟೀಚೀಲದ ಒಂದು ತುದಿ ಕಾಣುತ್ತಿತ್ತು. ನಾವೂ ಕಾಣದವರ ಹಾಗೆ ಹತ್ತಿ ಆರಿಸಿದೆವು. ಬಹಳ ಹೊತ್ತಾದ ಮೇಲೆ ತಾನೇ ಬಂದು ನನ್ನ ಹತ್ತಿರ ನಿಂತು ಸಣ್ಣ ದನಿಯಲ್ಲಿ ಕೇಳಿದಳು.

“ಅಜ್ಜಿ, ನೀವೆಲ್ಲಾ ಯಾವಾಗ ಹೋಗ್ತೀರಿ?”

“ಯಾಕವಾ?”

“ಅಮ್ಮೀಗ ಫೋನ್ ಮಾಡಿ ಹೇಳಬೇಕ್ರಿ. ನೀವು ಹೋದ ಮ್ಯಾಲ ಬರತಾಳಂತ.”

ಯಲ್ಲವ್ವ ಉಡಿಯ ಹತ್ತಿಯನ್ನು ಚೀಲಕ್ಕೆ ಹಾಕಿದಳು.

“ಕೆಂಪಕ್ಕಾ, ನೋಂದಣಿ ಇಲ್ಲದವ್ರು ವಸೂಲಿಗೆ ಹೋಗಬಾರದಂತ ನೀನ ಓದಿ ಹೇಳಿದ್ದಿ. ಹಂಗಾರ ನಾವ್ ಯಾರು? ನಮ್ಮ ನೋಂದಣಿ ಎಲ್ಲಿ ಆಗೈತಿ?”

ಅವಳು ಚೇಷ್ಟೆಗೆ ಅಂದದ್ದೋ ಖರೆ ಅಂದದ್ದೋ ತಿಳಿಯಲಿಲ್ಲ. ವಸೂಲಿಗೆ ಮನೆತನಕ ಬಂದವರು ಯಾರು? ಸಿದ್ರಾಯ ಅಲ್ಲಿ ಬೇವಿನ ಗಿಡದ ಕೆಳಗಿದ್ದಾನೆ. ಈ ಬಾಗಿಲಿಗೆ ಬಂದು ಕೂತವರು ನಾವು. ಗೋಡೆ ಹಿಡಿದು ಎದ್ದೆ.

“ಕಂತು ಬಂದಿಲ್ಲಲ್ಲ,” ಎಂದಳು ಅಕ್ಕವ್ವ.

“ನನ್ನ ಕಾಲು ಜುಮ್ ಹಿಡದಾವು. ನೀವೂ ಏಳ್ರಿ, ಮನೀಗಿ ಹೋಗ್ರಿ.”

ಮನೆಗೆ ಬಂದು ಡಬ್ಬಿ ಎತ್ತಿ ಕಾಗದ ತೆಗೆದೆ. ಮಡಿಕೆಯಲ್ಲಿ ಹಳದಿ ಬಿದ್ದಿತ್ತು. ಖಾಲಿ ಸಾಲಿನಲ್ಲಿ ನನ್ನ ಹೆಸರು, ಕೆಂಪವ್ವ ಎಂದು ಬರೆದೆ. ಕಂಪನಿ ನಮ್ಮಿಂದಲೇ ವಸೂಲಿ ಮಾಡಿಸುತ್ತದೆ, ಸಂಘದ ಹೆಂಗಸರನ್ನು ಸಂಘದ ಹೆಣ್ಣುಮಗಳ ಕಟ್ಟೆಯ ಮೇಲೆ ಕೂಡಿಸುತ್ತದೆ, ನಮಗೆ ಯಾವ ನೋಂದಣಿಯೂ ಇಲ್ಲ, ಕರೆದು ಕೇಳುವುದಿದ್ದರೆ ನನ್ನನ್ನು ಕೇಳಿರಿ ಎಂದು ಕೆಳಗೆ ಸೇರಿಸಿದೆ. ಹಿಂದೆಯೇ ಬಂದಿದ್ದ ಯಲ್ಲವ್ವ ಓದಿಸಿಕೊಂಡು ಕೇಳಿ, “ನಂದೂ ಹಾಕು. ನೀ ಒಬ್ಬಾಕೀನ ಬೆಳಗಾವಿಗೆ ಹೋಗಿ ಮಿಸಳ ತಿಂದು ಬರಾಕೇನ?” ಎಂದು ಹೆಬ್ಬೆರಳು ಚಾಚಿದಳು. ಅವಳ ಹೆಸರು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ. ಲಕೋಟೆಗೆ ಹಚ್ಚಲು ಅಂಟು ಇರಲಿಲ್ಲ. ಮುಂಜಾನೆ ಉಳಿದ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ ಹಚ್ಚಿದೆ.

ಅಂಚೆಗೆ ಹಾಕಲು ಹೊರಟೆ. ಬೇವಿನ ಗಿಡದ ಹತ್ತಿರ ಸಿದ್ರಾಯ ಎದ್ದು ನಿಂತ. ನನ್ನ ಕೈಯಲ್ಲಿದ್ದ ಲಕೋಟೆಯ ಮೇಲೆ ಜಿಲ್ಲಾಧಿಕಾರಿಗಳ ವಿಳಾಸ ನೋಡಿದ.

“ಆಯಿ, ಅದರಾಗ ನನ್ನ ಹೆಸರು…”

“ಇಲ್ಲ. ಕಂಪನಿದೈತಿ, ನನ್ನದೈತಿ, ಯಲ್ಲವ್ವಂದೈತಿ.”

ಅವನು ಹೆಲ್ಮೆಟ್ಟಿನ ಪಟ್ಟಿ ತಿರುವಿದ. “ಕಂಪನಿ ನಿಂತ್ರ ನಂದೂ ಪಗಾರ ನಿಲ್ಲತೈತ್ರಿ.”

“ಗೊತ್ತೈತಪಾ. ಅದಕ್ಕ ಇಷ್ಟ ದಿನ ಡಬ್ಬಿ ಕೆಳಗಿತ್ತು.”

“ಸಾಹೇಬ್ರು ಕೇಳಿದ್ರ ಏನ್ ಹೇಳಲ್ರಿ?”

“ಕೆಂಪವ್ವ ಕಟ್ಟಿಮ್ಯಾಲಿಂದ ಎದ್ದು ಹೋದಳು ಅನ್ನು. ಖರೆ ಹೇಳಿದಂಗ ಆಗತೈತಿ.”

ಅಂಚೆ ಕಚೇರಿ ಬಾಗಿಲು ಹಾಕುವ ಹೊತ್ತಾಗಿತ್ತು. ಒಳಗಿದ್ದವನು ಲಕೋಟೆ ತೂಗಿ, ಹಸಿ ಹಿಟ್ಟು ಬೆರಳಿಗೆ ಹತ್ತಿದ್ದನ್ನು ಮೇಜಿಗೆ ಒರೆಸಿ, ಕಳಿಸುವವರ ಹೆಸರು ಸರಿ ಇದೆಯೇ ಎಂದು ಕೇಳಿದ. ಸರಿ ಇದೆ ಎಂದೆ. ಠಸ್ಸೆ ಹೊಡೆದು ಬೆಳಗಾವಿಯ ಚೀಲದೊಳಗೆ ಹಾಕಿದ.