ಜೋಡಿ ಓಟ

"ಎಳೀಬ್ಯಾಡ ಚನ್ನು, ನಾ ಬಂಡಿ ಅಲ್ಲ!"

ವರ್ಷಾ ಹೇಳಿ ಮುಗಿಸುವ ಮೊದಲೇ ಅವಳ ಕಾಲು ಮಣ್ಣಿನ ದಿಬ್ಬಕ್ಕೆ ತಾಗಿತು. ಇಬ್ಬರ ಮಣಿಕಟ್ಟುಗಳನ್ನು ಸೇರಿಸಿದ್ದ ಗೇಣುದ್ದದ ಹಗ್ಗ ಬಿಗಿಯಾಯಿತು. ಅವಳು ಮುಗ್ಗರಿಸಿ ಮೊಣಕಾಲೂರಿದಳು.

ಚನ್ನು ಗಾಬರಿಯಿಂದ ಕೈ ಚಾಚಿದ. ದೃಷ್ಟಿಯಿಲ್ಲದ ಅವಳಿಗೆ ಅದು ಕಾಣುವಂತಿರಲಿಲ್ಲ. ತಾನೇ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡು, "ನಾಳೆ ಬ್ಯಾಂಕಿನ ಕೆಲಸಕ್ಕ ಹೋದಾಗ ಯಾರರೆ ಕೇಳಿದ್ರ, ನಮ್ಮ ಹುಡುಗಗ ಭಾಳ ಅವಸರ ಇತ್ತು ಅಂತೀನಿ," ಎಂದು ನಕ್ಕಳು.

ಅವನಿಗೆ ನಗು ಬರಲಿಲ್ಲ. "ಬ್ಯಾರೆ ಯಾರನ್ನರೆ ನೋಡ್ಕೋರಿ ಅಕ್ಕಾ. ನನ್ನ ಕೈಲೆ ಆಗಂಗಿಲ್ಲ," ಎಂದು ಹಗ್ಗ ಬಿಚ್ಚಿದ.

ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸ್ ಹಿಂದಿನ ಇದೇ ಮೈದಾನದಲ್ಲಿ ಅವನು ಸೈನ್ಯ ಸೇರಬೇಕೆಂದು ವರ್ಷಗಟ್ಟಲೆ ಓಡಿದ್ದ. ಸಿಕಂದರಾಬಾದಿನ ಸೇನಾ ಭರ್ತಿಯಲ್ಲಿ ತನ್ನ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದ. ಆಮೇಲೆ ಡಾಕ್ಟರು ಅವನ ಎಡಗಿವಿಯೊಳಗೆ ಬೆಳಕು ಬಿಟ್ಟು ನೋಡಿ, ತಮಟೆಯಲ್ಲಿ ತೂತಿದೆ ಎಂದರು. ಆಪರೇಷನ್ ಮಾಡಿಸಿಕೊಂಡು ಮತ್ತೆ ಬರುವಷ್ಟರಲ್ಲಿ ವಯಸ್ಸು ಮೀರುತ್ತಿತ್ತು.

ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆಂದು ಈ ಊರಿಗೆ ಬಂದ ಅವನ ತಾಯಿ ಸಾಬಮ್ಮ, "ಸಣ್ಣಾವಿದ್ದಾಗ ನಿನ್ನ ಕಿವಿ ಸೋರತಿತ್ತು. ನಾನ ಬಿಸಿ ಎಣ್ಣಿ ಬಿಟ್ಟೆ," ಎಂದು ಅತ್ತಳು. ಅವನು ಬೂಟುಗಳನ್ನು ಸಿಮೆಂಟು ಚೀಲಕ್ಕೆ ತುರುಕಿ, ಟೈಲ್ಸ್ ಹಾಕುವ ಕೆಲಸಕ್ಕೆ ಸೇರಿಕೊಂಡ. ಮನೆಯಲ್ಲಿ ಮಾತೇ ನಿಂತುಹೋಯಿತು.

ವರ್ಷಾಳ ತಂದೆ ಶಾಂತಪ್ಪ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು. ಮುಂಜಾನೆಯ ವಾಕಿಂಗಿನಲ್ಲಿ ಅವನ ಓಟ ನೋಡಿದ್ದರು. ತಮ್ಮ ಮೊಣಕಾಲು ಸೋತ ಮೇಲೆ, ತಮ್ಮ ಬದಲು ಮಗಳ ಜೊತೆ ಓಡಲು ಬಾ ಎಂದು ಅವನ ತಗಡಿನ ಮನೆಯವರೆಗೂ ಬಂದು ಕರೆದರು. ಹಿರಿಯರಿಗೆ ಇಲ್ಲವೆನ್ನಲಾಗದೆ ಅವನು ಬಂದಿದ್ದ. ವಾರವೂ ಆಗಿರಲಿಲ್ಲ.

"ಯಾಕ ಆಗಂಗಿಲ್ಲ?" ವರ್ಷಾ ಕೇಳಿದಳು.

"ನನಗ ಮುಂದ ಹೋಗೂದೊಂದ ಗೊತ್ರಿ."

"ನಿನ್ನ ಸಿಟ್ಟು ಮಂದಿಗೆ ಮುಖದಾಗ ಕಾಣ್ತದೇನೋ. ನನಗ ಹಗ್ಗದಾಗ ತಿಳೀತೈತಿ. ಸಿಟ್ಟು ಇರ್ಲಿ ಬಿಡು. ಆದ್ರ ದಿಬ್ಬ ಬಂದ್ರ ಬಾಯಿಬಿಟ್ಟು ಹೇಳು." ಅವಳು ಮತ್ತೆ ಕೈ ಮುಂದೆ ಮಾಡಿದಳು.

ಅವನು ಮತ್ತೆ ಹಗ್ಗ ಕಟ್ಟಿದ.

ಎಡಗಡೆಯಿಂದ ಹೇಳಿದ್ದು ಅವನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದನ್ನು ಗುರುತಿಸಿದ ವರ್ಷಾ ಬಲಕ್ಕೆ ಬಂದಳು. ಅವನು ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸುವುದನ್ನು ಕಲಿತ. ತಿರುವು, ಗುಂಡಿ, ಅಡ್ಡ ಮಲಗಿದ ನಾಯಿ ಎಲ್ಲವನ್ನೂ ಮೊದಲೇ ಹೇಳತೊಡಗಿದ. ಕೆಲವು ದಿನಗಳಲ್ಲಿ ಬೇಕಿಲ್ಲದ್ದನ್ನೂ ಹೇಳುವಂತಾದ: ಬೇವು ಹೂ ಬಿಟ್ಟದ್ದು, ಗೂಡ್ಸ್ ಗಾಡಿಯ ಡಬ್ಬಿಗಳ ಬಣ್ಣ. ನಾಲಿಗೆಗೆ ಮಾತಿನ ರೂಢಿ ಮರಳಿತು.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ತಾಯಿಯ ಪಕ್ಕ ಕುಳಿತು, "ಅವ್ವಾ, ಆ ಎಣ್ಣಿ ಮಾತು ಬಿಟ್ಟುಬಿಡು. ಕಿವಿ ಅದಕ್ಕ ಮೊದಲ ಸೋರತಿತ್ತಲ್ಲ," ಎಂದ. ಸಾಬಮ್ಮ ಬಡಿಯುವುದನ್ನು ನಿಲ್ಲಿಸಿದಳು. ಆಮೇಲೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಚಳಿಗಾಲದಲ್ಲಿ ಹುಸೇನ್ ಸಾಗರದ ದಂಡೆಯ ಮೇಲೆ ಹತ್ತು ಕಿಲೋಮೀಟರ್ ಓಟವಿತ್ತು. ಕೊನೆಯ ಗೆರೆ ಹತ್ತಿರ ಬಂದಾಗ ಚನ್ನು ಅರ್ಧ ಹೆಜ್ಜೆ ಹಿಂದೆ ಸರಿದ. ವರ್ಷಾಳ ಎದೆ ಮೊದಲು ಗೆರೆ ದಾಟಿತು. ಅದನ್ನು ನೋಡಿ ಅವನು ಜೋರಾಗಿ ಕೂಗಿದ್ದು ಅವನಿಗೇ ಆಶ್ಚರ್ಯವಾಗುವಂತಿತ್ತು.

ತಮ್ಮವರ ಜೊತೆ ಓಡಲೂ ಜನ ಬೇಕೆಂದು ಅಂಧರ ಹಾಸ್ಟೆಲಿನವರು ಅಲ್ಲೇ ಅವನ ಫೋನ್ ನಂಬರ್ ಕೇಳಿದರು. ಅವನು ಭರ್ತಿಯಲ್ಲಿ ತನ್ನಂತೆಯೇ ಆಯ್ಕೆಯಾಗದೆ ಹಿಂದಿರುಗಿದ್ದ ಗೆಳೆಯರನ್ನು ಕರೆದ. "ಬರ್ರಲೇ, ಕಾಲು ಸುಮ್ನ ಇಟ್ಕೊಂಡು ಏನ್ ಮಾಡ್ತೀರಿ?" ಈಗ ಭಾನುವಾರ ಮೈದಾನದಲ್ಲಿ ಅನೇಕ ಜೋಡಿಗಳು ಓಡುತ್ತವೆ. ಹೊಸ ಹುಡುಗರಿಗೆ ಚನ್ನು ಮೊದಲು ಹೇಳುವುದು: "ಎಳೀಬ್ಯಾಡ್ರಿ."

ಅಂಥ ಒಂದು ಭಾನುವಾರ ಎಲ್ಲರೂ ಹೋದ ಮೇಲೆ ವರ್ಷಾ, "ಹಗ್ಗ ಬಿಚ್ಚು. ಒಂದ ಸಲ ಒಬ್ಬಾಕಿನ ಓಡ್ಬೇಕು," ಎಂದಳು.

ಚನ್ನು ಮೈದಾನದುದ್ದಕ್ಕೂ ನಡೆದು ಕಲ್ಲುಗಳನ್ನು ಆರಿಸಿ ಹೊರಗೆ ಎಸೆದ. ಆಚೆ ತುದಿಯಲ್ಲಿ ನಿಂತು ಕೂಗಿದ: "ಇಲ್ಲಿ ಅದೀನ್ರೀ! ನೇರ ಬರ್ರಿ!"

ವರ್ಷಾ ದನಿ ಬಂದತ್ತ ಮುಖ ತಿರುಗಿಸಿದಳು. ಮೊದಲು ಎಚ್ಚರದ ನಾಲ್ಕು ಹೆಜ್ಜೆ. ಆಮೇಲೆ ಎರಡೂ ಕೈ ಬೀಸುತ್ತ ಓಡತೊಡಗಿದಳು. ಅವಳ ಹಿಂದೆ ಧೂಳೆದ್ದಿತು. ಚನ್ನು ನಿಂತ ಜಾಗ ಬಿಟ್ಟು ಕದಲದೆ, "ಬರ್ರಿ, ಬರ್ರಿ," ಎಂದು ಕೂಗುತ್ತಲೇ ಇದ್ದ.